ಶಸ್ತ್ರವಿಲ್ಲದ ಶುಶ್ರೂಷೆ: ಬೆನ್ನು, ಕುತ್ತಿಗೆ, ಮಂಡಿನೋವಿನ ಚಿಕಿತ್ಸೆಯ ಒಂದು ಶತಮಾನದ ಲೆಕ್ಕ

ನಮ್ಮ ಊರಿನ ಬಸದಿಯ ಟ್ರಸ್ಟಿನಲ್ಲಿ ಅನುಕೂಲವಿಲ್ಲದ ಶ್ರಾವಕ ಕುಟುಂಬಗಳಿಗಾಗಿ ಒಂದು ವೈದ್ಯಕೀಯ ಸಹಾಯನಿಧಿ ಇದೆ. ಅದರ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಹೊಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಎರಡು ವರ್ಷಗಳ ಹಿಂದೆ ಒಂದೇ ಸಭೆಯ ಮುಂದೆ ಎರಡು ಅರ್ಜಿಗಳು ಬಂದವು. ಒಂದು, ಬೆನ್ನಿನ ಡಿಸ್ಕ್ ಜಾರಿ ಕಾಲಿನ ಸೆಳೆತದಿಂದ ಬಳಲುತ್ತಿದ್ದ ಯುವಕನೊಬ್ಬನದು. ಶಸ್ತ್ರಚಿಕಿತ್ಸೆಯ ಅಂದಾಜು ಪಟ್ಟಿಯನ್ನು ಅದಕ್ಕೆ ಲಗತ್ತಿಸಲಾಗಿದ್ದಿತು. ಇನ್ನೊಂದು, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದಿದ್ದ ವಿಧವೆ ತಾಯಿಯೊಬ್ಬರದು; ಮೂರು ತಿಂಗಳ ಫಿಸಿಯೋಥೆರಪಿಗೆ ತಗಲುವ ಅಲ್ಪ ಮೊತ್ತವನ್ನಷ್ಟೇ ಅವರು ಕೇಳಿದ್ದರು. ಮೊದಲನೆಯದು ಐದು ನಿಮಿಷಗಳಲ್ಲಿ ಮಂಜೂರಾಯಿತು. ಎರಡನೆಯದು, ‘ಆಸ್ಪತ್ರೆಗೆ ದಾಖಲಾಗಿಲ್ಲ, ಆಪರೇಷನ್ ಇಲ್ಲ, ಕಾಲು ಆಡಿಸುವುದಕ್ಕೂ ಹಣವೇ?’ ಎಂಬ ಮಾತಿನೊಡನೆ ತಿರಸ್ಕೃತವಾಯಿತು. ಆ ನಡಾವಳಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ.

ಸಹಿ ಮಾಡಿದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕತ್ತಿ ಮುಟ್ಟಿದರೆ ಮಾತ್ರ ಚಿಕಿತ್ಸೆ, ಉಳಿದುದೆಲ್ಲ ಉಪಚಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಹೇಗೆ ಎಂಬ ಪ್ರಶ್ನೆ ಬಹುಕಾಲ ಕಾಡಿತು. ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬಟ್ಟೆ ವ್ಯಾಪಾರ ಮಾಡಿದವನು. ಆದರೆ ಬೇರೆಯವರ ಲೆಕ್ಕವನ್ನು ಓದುವುದು ನನಗೆ ಅಭ್ಯಾಸ. ಆ ಅಭ್ಯಾಸದಿಂದಲೇ ಈ ವಿಷಯದ ಚರಿತ್ರೆಯನ್ನು ಓದುತ್ತ ಹೋದೆ. ಇಂತಹ ಲೇಖನವನ್ನು ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದಿಂದ ಆರಂಭಿಸುವುದು ನಮ್ಮವರಲ್ಲಿ ವಾಡಿಕೆ. ಆ ಗ್ರಂಥದ ಮೇಲಿನ ಗೌರವದಿಂದಲೇ ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಇತ್ತೀಚಿನ ಕಾಲದ ಸಂಗತಿ. ಅದು ನಡೆದುದು ಹೆಚ್ಚಾಗಿ ಬಾಸ್ಟನ್, ಓಸ್ಲೋ, ಹೆಲ್ಸಿಂಕಿ ಮೊದಲಾದ ದೂರದ ನಗರಗಳಲ್ಲಿ.

ಕಥೆ ಆರಂಭವಾಗುವುದು ಶಸ್ತ್ರದಿಂದಲ್ಲ, ಹಾಸಿಗೆಯಿಂದ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1860ರಿಂದ 1862ರವರೆಗೆ ನೋವು ಮತ್ತು ವಿಶ್ರಾಂತಿಯನ್ನು ಕುರಿತು ಉಪನ್ಯಾಸಮಾಲೆಯನ್ನು ನೀಡಿದನು. 1863ರಲ್ಲಿ ಅದು ಪುಸ್ತಕವಾಯಿತು. ಅದೇ ಶತಮಾನದಲ್ಲಿ ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್, ಮೂಳೆ ಕೂಡಿಸುವ ನಾಟಿ ವೈದ್ಯರ ಮನೆತನದಲ್ಲಿ ಹುಟ್ಟಿದವನು, ರೋಗಪೀಡಿತ ಕೀಲಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿಯೇ ಮದ್ದು ಎಂದು ಸಾರಿದನು. ಕ್ಷಯದಿಂದ ಕೀಲುಗಳು ನಾಶವಾಗುತ್ತಿದ್ದ, ಕ್ಷಯಕ್ಕೆ ಔಷಧಿಯೇ ಇಲ್ಲದಿದ್ದ ಆ ಕಾಲದಲ್ಲಿ ಈ ಮಾತಿಗೆ ಅರ್ಥವಿದ್ದಿತು. ಆದರೆ ಒಂದು ರೋಗಕ್ಕೆ ಹೇಳಿದ ಪಥ್ಯವು ಕಾಲಕ್ರಮೇಣ ಎಲ್ಲ ಬೆನ್ನುನೋವಿಗೂ ಹಬ್ಬಿತು.

ಅದರ ಕೊನೆಯ ಅಲೆ ನನ್ನನ್ನೂ ಮುಟ್ಟಿತೆಂದು ಹೇಳಬೇಕು. 1991ರಲ್ಲಿ ದೀಪಾವಳಿಗೆ ಮುನ್ನ, ಅಂಗಡಿಯ ಅಟ್ಟದಿಂದ ಬಟ್ಟೆಯ ಗಂಟೊಂದನ್ನು ಇಳಿಸುವಾಗ ಸೊಂಟ ಹಿಡಿದುಕೊಂಡಿತು. ವೈದ್ಯರು ಹಲಗೆಯ ಮೇಲೆ ಮಲಗಿರುವಂತೆ ವಿಧಿಸಿದರು. ಕಾಲಿಗೆ ತೂಕ ಕಟ್ಟಿ ಎಳೆಸಿದರು. ಅನಂತರ ಸೊಂಟಕ್ಕೆ ಪಟ್ಟಿ ಬಿಗಿಸಿದರು. ಆರು ವಾರ ಮಲಗಿದ್ದೆ. ಎದ್ದಾಗ ತೊಡೆಗಳು ಒಣಗಿದ್ದವು. ನೋವು ಅಲ್ಲಿಯೇ ಇದ್ದಿತು. ಹಬ್ಬದ ವ್ಯಾಪಾರ ಕೈಬಿಟ್ಟಿದ್ದಿತು. ಆ ವೈದ್ಯರ ಮೇಲೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಅವರು ಕಲಿತ ಪಾಠವನ್ನೇ ಮಾಡಿದರು. ಆದರೆ ಆ ವೇಳೆಗೆ ಆ ಪಾಠ ಬೇರೆಡೆ ಸುಳ್ಳಾಗತೊಡಗಿ ಐದು ವರ್ಷಗಳಾಗಿದ್ದವು ಎಂಬುದು ನನಗೆ ತಿಳಿದುದು ಮೊನ್ನೆ ಮೊನ್ನೆ.

ಹಾಸಿಗೆಯ ಜೊತೆಗೆ ಶಸ್ತ್ರವು ಸೇರಿದುದು 1934ರಲ್ಲಿ. ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ನರಶಸ್ತ್ರವೈದ್ಯ ವಿಲಿಯಂ ಮಿಕ್ಸ್‌ಟರ್ ಮತ್ತು ಮೂಳೆವೈದ್ಯ ಜೋಸೆಫ್ ಬಾರ್ ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ 19 ರೋಗಿಗಳ ವಿವರವನ್ನು ಪ್ರಕಟಿಸಿದರು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಒಡೆದು ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿನ ಸೆಳೆತ, ಅಂದರೆ ಸಯಾಟಿಕಾ, ಉಂಟಾಗಬಹುದೆಂದೂ, ಆ ತುಣುಕನ್ನು ತೆಗೆದರೆ ರೋಗಿಗೆ ಉಪಶಮನ ದೊರೆಯುವುದೆಂದೂ ಅವರು ತೋರಿಸಿದರು. ಅದುವರೆಗೆ ಗೆಡ್ಡೆಗಳೆಂದು ಹೆಸರಿಸಿ ಜಾಡಿಗಳಲ್ಲಿ ಇರಿಸಿದ್ದ ಹಲವು ಮಾದರಿಗಳು ಮರುಪರೀಕ್ಷೆಯಲ್ಲಿ ಡಿಸ್ಕಿನ ತುಣುಕುಗಳೆಂದು ಗೊತ್ತಾದವು. ಅದು ನಿಜವಾದ ಶೋಧ, ಇಂದಿಗೂ ಸುಳ್ಳಾಗಿಲ್ಲ. ಸುಳ್ಳಾದುದು ಅದರ ಹಿಂದೆಯೇ ಬಂದ ಊಹೆ. ಕಾಲಿನ ಸೆಳೆತಕ್ಕೆ ಡಿಸ್ಕ್ ಕಾರಣವೆಂದು ಕಂಡ ಕೂಡಲೇ ಬರಿಯ ಸೊಂಟನೋವಿಗೂ ಡಿಸ್ಕೇ ಕಾರಣವೆಂದು ಬಗೆಯಲಾಯಿತು. ಮುಂದಿನ ಕೆಲವು ದಶಕಗಳಲ್ಲಿ ಶಸ್ತ್ರಚಿಕಿತ್ಸೆಗಳು ಬೆಳೆದ ವೇಗಕ್ಕೆ ಅವುಗಳ ಫಲಿತಾಂಶದ ಲೆಕ್ಕ ಸಮನಾಗಿ ಬೆಳೆಯಲಿಲ್ಲ.

ಲೆಕ್ಕವೆಂದರೆ ಏನು? ನೂರು ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿ ಎಂಬತ್ತು ಮಂದಿ ಗುಣವಾದರೆಂದು ಹೇಳುವುದು ಲೆಕ್ಕವಲ್ಲ. ಅದು ಜಮೆಯ ಒಂದೇ ಬದಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ ಅಂತಹುದೇ ನೂರು ಮಂದಿಯಲ್ಲಿ ಎಷ್ಟು ಜನ ಗುಣವಾದರು ಎಂಬುದು ಎದುರು ಬದಿಯಲ್ಲಿ ಇರಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯನ ಇಷ್ಟಕ್ಕೂ ರೋಗಿಯ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಬೆನ್ನುಮೂಳೆಯ ವಿಷಯದಲ್ಲಿ ಈ ಕ್ರಮವನ್ನು ಮೊದಲು ಅನುಸರಿಸಿದವರಲ್ಲಿ ಕ್ಷಯರೋಗದ ಸಂಶೋಧಕರು ಪ್ರಮುಖರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಕೊರಿಯಾದ ಮಾಸಾನ್ ಮತ್ತು ಪೂಸಾನ್ ನಗರಗಳಲ್ಲಿ ಬೆನ್ನುಮೂಳೆಯ ಕ್ಷಯವುಳ್ಳ ರೋಗಿಗಳನ್ನು ಹೀಗೆ ವಿಂಗಡಿಸಿ ನೋಡಿತು. ಔಷಧಿಯನ್ನು ಸರಿಯಾಗಿ ಸೇವಿಸಿದವರಲ್ಲಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದುದರಿಂದಾಗಲಿ ಪ್ಲಾಸ್ಟರ್ ಕವಚ ತೊಟ್ಟುದರಿಂದಾಗಲಿ ಹೆಚ್ಚಿನ ಪ್ರಯೋಜನವಾಗಲಿಲ್ಲ ಎಂಬ ವರದಿ 1973ರಲ್ಲಿ ಹೊರಬಂದಿತು. ಅನಂತರ ಅಂದಿನ ಮದ್ರಾಸಿನಲ್ಲಿಯೂ, ನಡೆದಾಡುತ್ತ ಔಷಧಿ ಸೇವಿಸುವ ರೋಗಿಗಳನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವರೊಡನೆ ಹೋಲಿಸುವ ಪ್ರಯೋಗ ನಡೆಯಿತು. ಪಾರ್ಶ್ವವಾಯು ಇಲ್ಲದ ಬಹುಪಾಲು ರೋಗಿಗಳಿಗೆ ನಡೆದಾಡುತ್ತ ಪಡೆದ ಔಷಧಿಯೇ ಸಾಕಾಯಿತು. ಯಾವ ರೋಗಕ್ಕಾಗಿ ಥಾಮಸ್ ಅಖಂಡ ವಿಶ್ರಾಂತಿಯನ್ನು ವಿಧಿಸಿದ್ದನೋ ಆ ರೋಗದಲ್ಲಿಯೇ ವಿಶ್ರಾಂತಿಯ ತತ್ತ್ವ ಸಡಿಲವಾದುದು ಗಮನಾರ್ಹ.

ಡಿಸ್ಕಿನ ಸರದಿ 1983ರಲ್ಲಿ ಬಂದಿತು. ನಾರ್ವೆಯ ಓಸ್ಲೋ ನಗರದಲ್ಲಿ ಹೆನ್ರಿಕ್ ವೆಬರ್ ಎಂಬ ವೈದ್ಯನು ಡಿಸ್ಕ್ ಜಾರಿ ಕಾಲಿನ ಸೆಳೆತವಿದ್ದ 126 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಶಸ್ತ್ರವಿಲ್ಲದ ಚಿಕಿತ್ಸೆಯನ್ನೂ ನೀಡಿ, ಹತ್ತು ವರ್ಷಗಳ ಕಾಲ ಅವರನ್ನು ಬಿಡದೆ ಹಿಂಬಾಲಿಸಿದನು. ಹತ್ತು ವರ್ಷ! ನಮ್ಮಲ್ಲಿ ಮೂರು ವರ್ಷದ ಹಳೆಯ ರಸೀದಿ ಸಿಗುವುದೇ ಕಷ್ಟ. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ವರ್ಷಗಳಾಗುವಾಗ ಅಂತರ ಕುಗ್ಗಿದ್ದಿತು. ಹತ್ತನೆಯ ವರ್ಷದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ, ತೀವ್ರ ಸೆಳೆತವಿದ್ದ 283 ಮಂದಿಯ ಪ್ರಯೋಗವೂ ಇದನ್ನೇ ಹೇಳಿತು: ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು, ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಆದರೆ ಕಾದು ನೋಡುವ ಗುಂಪಿನಲ್ಲಿ ನೂರಕ್ಕೆ 39 ಮಂದಿ ನೋವು ತಾಳಲಾರದೆ ನಡುವೆ ಶಸ್ತ್ರಚಿಕಿತ್ಸೆಗೆ ಹೋದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇದನ್ನು ಬಿಟ್ಟು ಹೇಳುವವರು ಲೆಕ್ಕ ತಿದ್ದುವವರು.

ಕಾಲಿನ ಸೆಳೆತವಿಲ್ಲದ, ಬಹುಕಾಲದ ಬರಿಯ ಸೊಂಟನೋವಿಗೆ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯ ಪಕ್ಷ ಇನ್ನೂ ದುರ್ಬಲವಾಗಿದೆ. ಬ್ರಿಟನ್ನಿನಲ್ಲಿ 349 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆಸುಗೆಯ ಎದುರಿಗೆ ಸುಮಾರು 75 ಗಂಟೆಗಳ ಶಿಸ್ತಿನ ವ್ಯಾಯಾಮ ಹಾಗೂ ನೋವನ್ನು ಕುರಿತ ತಿಳಿವಳಿಕೆಯನ್ನು ಇರಿಸಲಾಗಿತ್ತು. ಶಸ್ತ್ರಚಿಕಿತ್ಸೆ ಮೇಲು ಎನ್ನಲು ಸ್ಪಷ್ಟ ಆಧಾರ ದೊರೆಯಲಿಲ್ಲ.

ಹಾಸಿಗೆಯ ವಿಷಯಕ್ಕೆ ಮರಳೋಣ. ರಿಚರ್ಡ್ ಡೇಯೋ ಎಂಬ ಅಮೆರಿಕದ ವೈದ್ಯನು 1986ರಲ್ಲಿ, ಟೆಕ್ಸಾಸ್ ರಾಜ್ಯದಲ್ಲಿ, ಸೊಂಟನೋವೆಂದು ಬಂದ 203 ಮಂದಿಯಲ್ಲಿ ಕೆಲವರಿಗೆ ಎರಡು ದಿನವೂ ಕೆಲವರಿಗೆ ಏಳು ದಿನವೂ ಮಲಗಲು ಹೇಳಿದನು. ನೋವು ಕಡಿಮೆಯಾಗುವುದರಲ್ಲಿ ಭೇದವಿರಲಿಲ್ಲ. ಎರಡು ದಿನದವರು ಕೆಲಸ ಕಳೆದುಕೊಂಡ ದಿನಗಳು ಮಾತ್ರ ನೂರಕ್ಕೆ 45ರಷ್ಟು ಕಡಿಮೆ. ಹೆಲ್ಸಿಂಕಿ ನಗರದ 186 ನೌಕರರ ಮೇಲೆ 1995ರಲ್ಲಿ ಪ್ರಕಟವಾದ ಪ್ರಯೋಗವು ಇನ್ನೂ ಮುಂದೆ ಹೋಯಿತು. ಅಲ್ಲಿ ಎರಡು ದಿನ ಮಲಗಿದವರಿಗಿಂತಲೂ, ಬೆನ್ನು ಬಗ್ಗಿಸುವ ವ್ಯಾಯಾಮ ಮಾಡಿದವರಿಗಿಂತಲೂ, ಸಹಿಸಿಕೊಳ್ಳಬಹುದಾದಷ್ಟು ಮಟ್ಟಿಗೆ ನಿತ್ಯದ ಕೆಲಸ ಮಾಡುತ್ತ ಹೋದವರೇ ಬೇಗ ಗುಣವಾದರು. ಹೊಸದಾಗಿ ಹಿಡಿದ ನೋವಿಗೆ ಆತುರದ ವ್ಯಾಯಾಮವೂ ಬೇಕಿಲ್ಲ ಎಂಬ ಈ ಸೂಕ್ಷ್ಮವನ್ನು ನಮ್ಮ ಉತ್ಸಾಹಿ ಯೋಗಪ್ರೇಮಿಗಳು ಗಮನಿಸುವುದು ಒಳ್ಳೆಯದು.

ಈ ಲೆಕ್ಕಗಳು ಬೆಳೆಯುತ್ತಿದ್ದಂತೆಯೇ ಎಂ.ಆರ್.ಐ. ಯಂತ್ರ ಬಂದು ಹೊಸ ಗೊಂದಲವನ್ನು ತಂದಿತು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದು ನೋಡಲಾಯಿತು. ಎಲ್ಲ ಡಿಸ್ಕುಗಳೂ ಸಹಜವಾಗಿದ್ದವರು ನೂರಕ್ಕೆ 36 ಮಂದಿ ಮಾತ್ರ. ಅರ್ಧಕ್ಕೂ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿದ್ದಿತು. ತಲೆ ನರೆತಂತೆ ಡಿಸ್ಕೂ ನರೆಯುತ್ತದೆ. ನಮ್ಮ ನಿಧಿಗೆ ಬರುವ ಅರ್ಜಿಗಳೊಡನೆ ದೊಡ್ಡ ಲಕೋಟೆಯಲ್ಲಿ ಬರುವ ಚಿತ್ರಗಳನ್ನು ಕಂಡು ಸದಸ್ಯರು ಭಯಪಡುವುದನ್ನು ನೋಡಿದ್ದೇನೆ. ಚಿತ್ರದಲ್ಲಿ ಕಂಡುದೇ ನೋವಿಗೆ ಕಾರಣವೋ ಅಲ್ಲವೋ ಎಂಬುದನ್ನು ರೋಗಿಯನ್ನು ಮುಟ್ಟಿ ಪರೀಕ್ಷಿಸಿದ ವೈದ್ಯನು ಹೇಳಬೇಕೇ ಹೊರತು ಚಿತ್ರವು ತಾನಾಗಿ ಹೇಳದು.

ಅದೇ 1994ರ ಡಿಸೆಂಬರ್ ತಿಂಗಳಿನಲ್ಲಿ ನಡೆದ ಒಂದು ಸಂಗತಿಯು ವ್ಯಾಪಾರಿಯಾದ ನನಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಬೋಧಪ್ರದವೆನಿಸಿತು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು, ಸ್ಟ್ಯಾನ್ಲಿ ಬೀಗೋಸ್ ಎಂಬ ಮೂಳೆವೈದ್ಯನ ಅಧ್ಯಕ್ಷತೆಯ ಸಮಿತಿಯಿಂದ ಸೊಂಟನೋವಿನ ಮಾರ್ಗಸೂಚಿಯನ್ನು ಬರೆಸಿ ಹೊರತಂದಿತು. ದೀರ್ಘಕಾಲ ಮಲಗಬೇಡಿ, ಆರಂಭದಲ್ಲಿಯೇ ಚಿತ್ರ ತೆಗೆಸಬೇಡಿ, ಬಹುಮಂದಿ ತಾವಾಗಿ ಗುಣವಾಗುತ್ತಾರೆ, ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ ಎಂಬುದು ಅದರ ಸಾರ. ಬೆನ್ನುಮೂಳೆಯ ಶಸ್ತ್ರವೈದ್ಯರ ಒಂದು ವರ್ಗ ಅದನ್ನು ತೀವ್ರವಾಗಿ ವಿರೋಧಿಸಿತು. ಮೂಳೆಗೆ ಜೋಡಿಸುವ ತಿರುಪುಗಳನ್ನು ತಯಾರಿಸುವ ಕಂಪೆನಿಯೊಂದು ಪ್ರಕಟಣೆಗೆ ತಡೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಆ ಪ್ರಯತ್ನ ಫಲಿಸಲಿಲ್ಲ. ಆದರೆ 1995ರಲ್ಲಿ ಆ ಸಂಸ್ಥೆಯನ್ನೇ ಮುಚ್ಚುವ ಮಾತು ಶಾಸನಸಭೆಯಲ್ಲಿ ಎದ್ದಿತು. 1996ರ ಅನುದಾನದಲ್ಲಿ ಐದನೆಯ ಒಂದು ಭಾಗಕ್ಕೂ ಮಿಗಿಲಾಗಿ ಕಡಿತವಾಯಿತು. ಮಾರ್ಗಸೂಚಿಗಳನ್ನು ಬರೆಯುವ ಕೆಲಸವನ್ನೇ ಅದು ಕೈಬಿಟ್ಟಿತು. ಸರಕನ್ನು ದಾಸ್ತಾನು ಮಾಡಿಕೊಂಡವನಿಗೆ ‘ಈ ಸರಕು ನಿಮಗೆ ಬೇಕಿಲ್ಲ’ ಎಂದು ಗಿರಾಕಿಗೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಚೆನ್ನಾಗಿ ಗೊತ್ತು. ಹಬ್ಬದ ಕೊನೆಯ ದಿನ ಉಳಿದ ಸೀರೆಗಳನ್ನು ಹೊಗಳಿ ಮಾರಿದ ಪಾಪ ನನ್ನ ತಲೆಯ ಮೇಲೂ ಇದೆ. ಆದರೆ ಸೀರೆ ಬೇಡವಾದರೆ ಪೆಟ್ಟಿಗೆಯಲ್ಲಿ ಇಡಬಹುದು.

ಮಂಡಿಯ ಚರಿತ್ರೆಯಲ್ಲಿ ಇನ್ನೂ ದಿಟ್ಟವಾದ ಪರೀಕ್ಷೆ ನಡೆಯಿತು. ಮಂಡಿಯಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ತೂರಿಸಿ, ಸವೆದ ಮೃದ್ವಸ್ಥಿಯನ್ನು ತೊಳೆದು ಕೆರೆಯುವ ಆರ್ತ್ರೋಸ್ಕೋಪಿ ಎಂಬ ಶಸ್ತ್ರಚಿಕಿತ್ಸೆ ಆಗ ಬಹು ಪ್ರಚಾರದಲ್ಲಿದ್ದಿತು. ಅಮೆರಿಕದ ಹ್ಯೂಸ್ಟನ್ ನಗರದ ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯನು 180 ರೋಗಿಗಳಲ್ಲಿ ಕೆಲವರಿಗೆ ತೊಳೆದನು, ಕೆಲವರಿಗೆ ಕೆರೆದನು, ಉಳಿದವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದನು. ಎರಡು ವರ್ಷಗಳವರೆಗೆ ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ನಿಜವಾದ ಶಸ್ತ್ರಚಿಕಿತ್ಸೆಯು ತೋರಿಕೆಯದಕ್ಕಿಂತ ಯಾವ ಹಂತದಲ್ಲಿಯೂ ಮೇಲಾಗಿರಲಿಲ್ಲ.

ರೋಗಿಯ ಚರ್ಮವನ್ನು ವೃಥಾ ಕೊಯ್ಯುವುದು ಧರ್ಮವೇ ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡೆ. ಆ ಪ್ರಯೋಗಕ್ಕೆ ಸೇರಿದ ಪ್ರತಿಯೊಬ್ಬ ರೋಗಿಯೂ, ತನಗೆ ತೋರಿಕೆಯ ಶಸ್ತ್ರಚಿಕಿತ್ಸೆ ಮಾತ್ರ ಆಗಬಹುದು, ಅದರಿಂದ ಮಂಡಿಗೆ ಪ್ರಯೋಜನವಾಗದಿರಬಹುದು ಎಂಬ ಅರ್ಥದ ಒಪ್ಪಿಗೆಯನ್ನು ತನ್ನ ಕೈಯಿಂದಲೇ ಬರೆದುಕೊಡಬೇಕಾಗಿತ್ತು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಮಂದಿ ನಿರಾಕರಿಸಿದರು. ಅವರನ್ನು ಯಾರೂ ಒತ್ತಾಯಿಸಲಿಲ್ಲ. ಸತ್ಯವನ್ನು ಮುಂಚಿತವಾಗಿ ತಿಳಿಸಿ ಕೆಲವರಿಗೆ ಮಾಡಿದ ಸಣ್ಣ ಗಾಯ ಒಂದು ಕಡೆ. ಪ್ರಯೋಜನವಿದೆಯೆಂದು ನಂಬಿಸಿ ವರ್ಷವರ್ಷವೂ ಲಕ್ಷಾಂತರ ಜನರಿಗೆ ಮಾಡುತ್ತಿದ್ದ ಗಾಯ ಇನ್ನೊಂದು ಕಡೆ. ನನ್ನ ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ. ಒಪ್ಪದವರು ಬರೆದು ತಿಳಿಸಿದರೆ ಸಂತೋಷ.

ಹಾಗಾದರೆ ಮಂಡಿನೋವಿಗೆ ಏನು ಮಾಡಬೇಕು? 60 ವರ್ಷ ದಾಟಿದ 439 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಡಿಗೆ ಅಥವಾ ತೂಕ ಎತ್ತುವ ವ್ಯಾಯಾಮವನ್ನು 18 ತಿಂಗಳು ಮಾಡಿದವರ ನೋವು ಕಡಿಮೆಯಾಗಿ ಓಡಾಟ ಸುಧಾರಿಸಿತು. ಸುಧಾರಣೆ ಸಾಧಾರಣ ಪ್ರಮಾಣದ್ದು, ಪವಾಡವಲ್ಲ. ಪೂರ್ತಿ ಸವೆದ ಮಂಡಿಯ ಮಾತು ಬೇರೆ. ಡೆನ್ಮಾರ್ಕಿನಲ್ಲಿ 2015ರಲ್ಲಿ ಪ್ರಕಟವಾದ 100 ರೋಗಿಗಳ ಪ್ರಯೋಗದಲ್ಲಿ ಮಂಡಿ ಬದಲಾವಣೆ ಮಾಡಿಸಿಕೊಂಡವರಿಗೆ ವ್ಯಾಯಾಮವೊಂದನ್ನೇ ಮಾಡಿದವರಿಗಿಂತ ಹೆಚ್ಚಿನ ಉಪಶಮನ ದೊರೆಯಿತು. ಗಂಭೀರ ತೊಂದರೆಗಳೂ ಅವರಲ್ಲಿಯೇ ಹೆಚ್ಚಾಗಿದ್ದವು. ಆದರೂ ವ್ಯಾಯಾಮದ ಗುಂಪಿನ ಸುಮಾರು ಮುಕ್ಕಾಲು ಪಾಲು ಜನ ಆ ಒಂದು ವರ್ಷದಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಲಿಲ್ಲ.

ಕುತ್ತಿಗೆಯ ಬಗ್ಗೆ ಎರಡು ಮಾತು ಸಾಕು. ಸ್ವೀಡನ್ನಿನಲ್ಲಿ, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರದ ನೋವಿದ್ದ 81 ಮಂದಿಯನ್ನು ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ಮತ್ತು ಕಾಲರ್ ಎಂದು ಮೂರು ಗುಂಪು ಮಾಡಲಾಯಿತು. ಮೊದಲ ಕೆಲವು ತಿಂಗಳು ಶಸ್ತ್ರಚಿಕಿತ್ಸೆ ಮುಂದಿದ್ದಿತು; ವರ್ಷ ತುಂಬಿದಾಗ ಮೂವರೂ ಸಮ. ಇದು 1997ರ ವರದಿ. ಫಿನ್ಲೆಂಡಿನಲ್ಲಿ ಕಚೇರಿಯಲ್ಲಿ ದುಡಿಯುವ, ಬಹುಕಾಲದ ಕುತ್ತಿಗೆನೋವಿದ್ದ 180 ಮಹಿಳೆಯರಲ್ಲಿ, ಒಂದು ವರ್ಷ ಕುತ್ತಿಗೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿದವರು ಗಣನೀಯ ಉಪಶಮನ ಪಡೆದುದು 2003ರಲ್ಲಿ ಪ್ರಕಟವಾಯಿತು. ಬರಿಯ ಎಳೆತದ ವ್ಯಾಯಾಮ ಅಷ್ಟು ಫಲ ಕೊಡಲಿಲ್ಲ.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪುಟವೂ ಒಂದಿದೆ. ಬೆಂಗಳೂರಿನ ಬಳಿಯ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಬಹುಕಾಲದ ಸೊಂಟನೋವಿದ್ದ 80 ಮಂದಿಯನ್ನು ಒಂದು ವಾರ ಇರಿಸಿಕೊಂಡು, ಅರ್ಧ ಜನರಿಗೆ ಯೋಗವನ್ನೂ ಉಳಿದವರಿಗೆ ಸಾಮಾನ್ಯ ವ್ಯಾಯಾಮವನ್ನೂ ಮಾಡಿಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಯೋಗದ ಗುಂಪು ಮುಂದಿದ್ದಿತು. ಅಭಿಮಾನಪಡಬಹುದು. ಆದರೆ ಅದು ಒಂದೇ ವಾರದ ಲೆಕ್ಕ, ಮತ್ತು ಲೆಕ್ಕ ಬರೆದವರು ಯೋಗ ಕಲಿಸುವವರೇ ಎಂಬುದನ್ನು ಲೆಕ್ಕ ತಪಾಸಣೆ ಮಾಡುವವನು ಅಂಚಿನಲ್ಲಿ ಗುರುತು ಹಾಕಬೇಕಾಗುತ್ತದೆ. ಬಾಸ್ಟನ್ನಿನಲ್ಲಿ ಹೆಚ್ಚಾಗಿ ಬಡವರೇ ಆಗಿದ್ದ 320 ಮಂದಿಯ ಮೇಲೆ ನಡೆದು 2017ರಲ್ಲಿ ಹೊರಬಂದ ಪ್ರಯೋಗವು ಯೋಗವು ಫಿಸಿಯೋಥೆರಪಿಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ನನಗೆ ಇದೇ ಹೆಚ್ಚು ನಂಬಿಕೆ ತರುವ ಮಾತು.

ಎಲ್ಲಕ್ಕಿಂತ ಅಗ್ಗದ ಔಷಧಿಯ ಲೆಕ್ಕ ಬಂದುದು 2024ರಲ್ಲಿ, ಆಸ್ಟ್ರೇಲಿಯಾದಿಂದ. ಸೊಂಟನೋವಿನಿಂದ ಆಗತಾನೇ ಚೇತರಿಸಿಕೊಂಡಿದ್ದ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟರು ಕ್ರಮವಾಗಿ ನಡಿಗೆಯನ್ನು ಹೆಚ್ಚಿಸುತ್ತ ವಾರಕ್ಕೆ ಐದು ದಿನ, ಅರ್ಧ ಗಂಟೆಯವರೆಗೆ ಬರುವಂತೆ ಕಲಿಸಿದರು. ನೋವು ಮರುಕಳಿಸಲು, ಮಧ್ಯಸ್ಥ ಅಂಕಿಯಂತೆ, ನಡೆದವರಿಗೆ 208 ದಿನಗಳೂ ಉಳಿದವರಿಗೆ 112 ದಿನಗಳೂ ಹಿಡಿದವು. ಅದಕ್ಕೆ ಕೆಲವು ತಿಂಗಳು ಮುಂಚೆ, 2023ರ ಡಿಸೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಬಹುಕಾಲದ ಸೊಂಟನೋವಿಗೆ ತನ್ನ ಮಾರ್ಗಸೂಚಿಯನ್ನು ಪ್ರಕಟಿಸಿತು. ವ್ಯಾಯಾಮ, ತಿಳಿವಳಿಕೆ, ಮನೋಬಲದ ಚಿಕಿತ್ಸೆಗಳನ್ನು ಅದು ಎತ್ತಿಹಿಡಿದಿದೆ. ಸೊಂಟದ ಪಟ್ಟಿ ಮತ್ತು ತೂಕ ಕಟ್ಟಿ ಎಳೆಯುವುದು ರೂಢಿಯ ಚಿಕಿತ್ಸೆಯಾಗಿ ಬೇಡವೆಂದಿದೆ. ಮೂವತ್ತೆರಡು ವರ್ಷಗಳ ಹಿಂದಿನ ನನ್ನ ಸೊಂಟಪಟ್ಟಿ ಅಟ್ಟದ ಮೇಲೆ ಇನ್ನೂ ಇದ್ದಿತು. ಅದನ್ನು ಓದಿದ ದಿನ ಇಳಿಸಿ ಎಸೆದೆ.

ಇಷ್ಟು ಬರೆದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಅಪರಾಧವಾದೀತು. ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಯ ಸಂದು ಮರಗಟ್ಟಿದರೆ, ಕಾಲು ದಿನದಿನಕ್ಕೆ ಸೋಲುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಸ್ತ್ರವೇ ರಕ್ಷಕ. ಜ್ವರ, ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾದುದು, ಇವಿದ್ದರೂ ವೈದ್ಯರ ಪರೀಕ್ಷೆಯಾಗದೆ ನಡಿಗೆ, ಯೋಗ ಎಂದು ಕಾಲ ಕಳೆಯಬಾರದು. ನಮ್ಮ ನಿಧಿಯಿಂದ ನೆರವು ಪಡೆದ ಆ ಯುವಕನಿಗೆ ಪಾದವನ್ನು ಎತ್ತಲು ಆಗುತ್ತಿರಲಿಲ್ಲ, ಬಲಹೀನತೆ ಏರುತ್ತಿದ್ದಿತು ಎಂದು ಆಮೇಲೆ ಅವನ ಕಡತದಿಂದ ತಿಳಿಯಿತು. ಅವನಿಗೆ ಶಸ್ತ್ರಚಿಕಿತ್ಸೆ ಮಾಡಿಸಿದುದು ಸರಿಯೇ ಆಗಿದ್ದಿತು. ನಾವು ಮಂಜೂರು ಮಾಡಿದುದು ಮಾತ್ರ ಅದನ್ನು ಓದಿ ಅಲ್ಲ, ಅಂದಾಜು ಪಟ್ಟಿಯ ಮೊತ್ತವನ್ನು ನೋಡಿ.

ಆ ತಾಯಿಯ ಅರ್ಜಿಯನ್ನು ಮರುಪರಿಶೀಲನೆಗೆ ಇಡಬೇಕೆಂದು ನಾನೇ ಪತ್ರ ಬರೆದೆ. ಹನ್ನೆರಡು ಭೇಟಿಗಳ ವೆಚ್ಚ ಮಂಜೂರಾಯಿತು. ವ್ಯಾಯಾಮಕ್ಕೆ ವೋಚರ್ ಎಲ್ಲಿಂದ ತರುವುದೆಂದು ಕೋಶಾಧ್ಯಕ್ಷರು ಕೇಳಿದ ಪ್ರಶ್ನೆ ನ್ಯಾಯವಾದುದೇ. ಫಿಸಿಯೋಥೆರಪಿಸ್ಟರು ತಾರೀಖು ಬರೆದು ಸಹಿ ಹಾಕುವ ಕಾರ್ಡು ಸಾಕೆಂದು ತೀರ್ಮಾನವಾಯಿತು. ಆ ತಾಯಿ ಈಗ ಬಸದಿಯ ಮೆಟ್ಟಿಲನ್ನು ಕೈಹಿಡಿಯ ಸರಳು ಹಿಡಿದು ನಿಧಾನವಾಗಿ ಹತ್ತುತ್ತಾರೆ. ಇಳಿಯುವಾಗ ನೋವಿದೆ ಎನ್ನುತ್ತಾರೆ. ಅರ್ಜಿಯ ನಮೂನೆಯಲ್ಲಿ ‘ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚ’ ಎಂದಿದ್ದ ಕಲಮನ್ನು ‘ಚಿಕಿತ್ಸೆಯ ಅಂದಾಜು ವೆಚ್ಚ’ ಎಂದು ತಿದ್ದಿ ಹೊಸದಾಗಿ ಅಚ್ಚು ಹಾಕಿಸಿದ್ದೇವೆ. ಹಳೆಯ ನಮೂನೆಗಳ ಒಂದು ಕಟ್ಟು ಕಚೇರಿಯ ಕಪಾಟಿನಲ್ಲಿ ಉಳಿದಿದೆ. ಅವುಗಳ ಹಿಂಬದಿಯಲ್ಲಿ ಸಭೆಯ ಟಿಪ್ಪಣಿಗಳನ್ನು ಬರೆಯುತ್ತಿದ್ದೇವೆ.